ಶೂ ಸವೆಯುವುದು ನಡುವಿನಲ್ಲಿ

ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಓಟ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂತರೆ, ಜೊತೆಯವರಲ್ಲಿ ಯಾರಾದರೊಬ್ಬರು ಶೂ ಬಿಚ್ಚಿ ಮಗುಚಿ ಹಿಡಿಯುತ್ತಾರೆ. ‘ನೋಡಿ ಸಾರ್, ಅಚ್ಚೆಲ್ಲ ಹಾಗೇ ಇದೆ. ಇನ್ನೊಂದು ವರ್ಷ ಬರುತ್ತಲ್ವಾ?’ ಈ ಪ್ರಶ್ನೆಗೆ ತಳ ನೋಡಿ ಉತ್ತರ ಹೇಳುವುದನ್ನು ನಾನು ಬಿಟ್ಟು ಬಹಳ ವರ್ಷಗಳಾದವು. ಶೂ ಇಸಿದುಕೊಂಡು ಪಕ್ಕಕ್ಕೆ ತಿರುಗಿಸುತ್ತೇನೆ. ಕೆಳಗಿನ ರಬ್ಬರಿಗೂ ಮೇಲಿನ ಬಟ್ಟೆಗೂ ನಡುವೆ ದಪ್ಪನೆಯ ಫೋಮ್ ಪದರ ಇದೆಯಲ್ಲ, ಓಟದ ಶೂವಿನ ಆಯಸ್ಸೆಲ್ಲ ಅದರಲ್ಲಿದೆ.

ಚಪ್ಪಲಿಯನ್ನು ಹರಿಯುವವರೆಗೂ ಹಾಕಿಕೊಳ್ಳುವ ಮನೆಗಳಿಂದ ಬಂದವರು ನಾವು. ಉಂಗುಷ್ಠ ಕಿತ್ತರೆ ಹೊಲಿಸಿ, ಅಟ್ಟೆ ಸವೆದರೆ ಹೊಸ ಅಟ್ಟೆ ಹಾಕಿಸಿ ಮತ್ತೆರಡು ವರ್ಷ ಓಡಾಡುತ್ತೇವೆ. ಒಳ್ಳೆಯ ಅಭ್ಯಾಸವೇ. ಆದರೆ ಆ ಲೆಕ್ಕ ಚರ್ಮದ ಚಪ್ಪಲಿಗೆ ಸರಿ, ಓಟದ ಶೂಗೆ ಹೊಂದುವುದಿಲ್ಲ. ಇಲ್ಲಿ ಮೊದಲು ಸೋಲುವುದು ಕಣ್ಣಿಗೆ ಬೀಳದ ಭಾಗ.

1970ರ ದಶಕದ ಮಧ್ಯದಲ್ಲಿ ಅಮೆರಿಕದ ಬ್ರೂಕ್ಸ್ ಕಂಪನಿ ಓಟದ ಶೂಗೆ ಇವಿಎ ಎಂಬ ಫೋಮ್ ತಂದಿತು. ಇಂದಿಗೂ ಬಹುಪಾಲು ಶೂಗಳ ನಡುವೆ ಇರುವುದು ಅದೇ, ಇಲ್ಲವೇ ಅದರ ಸುಧಾರಿತ ರೂಪ. ಇಡ್ಲಿಯನ್ನು ಮುರಿದಾಗ ಒಳಗೆ ಕಾಣುವ ತೂತುಗಳನ್ನು ನೆನೆಸಿಕೊಳ್ಳಿ. ಅದಕ್ಕಿಂತ ಎಷ್ಟೋ ಸಣ್ಣ, ನಾಲ್ಕೂ ಕಡೆ ಮುಚ್ಚಿದ ಗುಳ್ಳೆಗಳು ಈ ಫೋಮಿನ ತುಂಬ ಇರುತ್ತವೆ. ಕಾಲು ನೆಲಕ್ಕೆ ಬಿದ್ದಾಗ ಗುಳ್ಳೆ ಕುಗ್ಗುತ್ತದೆ, ಎತ್ತಿದಾಗ ಉಬ್ಬುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ಬೀಳುವುದು ಮೈತೂಕದ ಸುಮಾರು ಎರಡೂವರೆ ಪಟ್ಟು ಭಾರ. 70 ಕಿಲೋ ತೂಗುವವರಿಗೆ ಅದು 175 ಕಿಲೋ. ನಿಧಾನವಾಗಿ ಓಡುವವರು ಒಂದು ಕಿಲೋಮೀಟರಿಗೆ ಹೆಚ್ಚುಕಡಿಮೆ 1,000 ಹೆಜ್ಜೆ ಹಾಕುತ್ತಾರೆ, ಅಂದರೆ ಒಂದೊಂದು ಕಾಲಿಗೆ 500. 600 ಕಿಲೋಮೀಟರ್ ಮುಗಿಯುವ ಹೊತ್ತಿಗೆ ಒಂದು ಶೂ ಆ ಭಾರವನ್ನು 3 ಲಕ್ಷ ಸಲ ಹೊತ್ತಿರುತ್ತದೆ. ಗುಳ್ಳೆಗಳ ಗೋಡೆ ಮಡಚಿ, ಬಿರಿದು, ಪದರ ಚಪ್ಪಟೆಯಾಗುತ್ತದೆ. ಕೆಳಗಿನ ರಬ್ಬರು ಮಾತ್ರ ಗಟ್ಟಿಮುಟ್ಟಾಗಿಯೇ ಇರುತ್ತದೆ.

ಇದನ್ನು ನಾನು ಕಲಿತದ್ದು ನೋವು ತಿಂದು. ಕೆಲವು ವರ್ಷಗಳ ಹಿಂದೆ 10 ಕಿಲೋಮೀಟರ್ ಓಟವೊಂದಕ್ಕೆ ತಯಾರಾಗುತ್ತಿದ್ದೆ. ಬಲಗಾಲಿನ ನಳಿಮೂಳೆಯ ಒಳಬದಿಯಲ್ಲಿ ನೋವು ಶುರುವಾಯಿತು. ಮೊದಲು ಓಡುವಾಗ ಮಾತ್ರ, ಆಮೇಲೆ ಮೆಟ್ಟಿಲು ಇಳಿಯುವಾಗಲೂ. ಓಟ ಜಾಸ್ತಿಯಾಯಿತೇನೋ ಎಂದು ಕಡಿಮೆ ಮಾಡಿದೆ, ಐಸ್ ಇಟ್ಟೆ, ಹೋಗಲಿಲ್ಲ. ಫಿಸಿಯೊಥೆರಪಿ ಮಾಡುವ ಮೇಡಂ ಕಾಲು ಮುಟ್ಟುವ ಮೊದಲೇ ‘ಶೂ ತಂದಿದ್ದೀರಾ?’ ಎಂದು ಕೇಳಿದರು. ಎರಡನ್ನೂ ಮೇಜಿನ ಮೇಲೆ ಇಟ್ಟು, ಹಿಮ್ಮಡಿಯ ಭಾಗ ನನ್ನ ಕಡೆ ತಿರುಗಿಸಿ, ‘ಬಗ್ಗಿ ನೋಡಿ’ ಎಂದರು. ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನೋಡಿದೆ. ಎಡಗಾಲಿನದು ನೆಟ್ಟಗೆ ನಿಂತಿತ್ತು. ಬಲಗಾಲಿನದು ಒಳಕ್ಕೆ ವಾಲಿತ್ತು, ಕುಸಿದ ಗೋಡೆಯ ಮೇಲಿನ ಮಾಡಿನ ಹಾಗೆ. ಒಳಬದಿಯ ಫೋಮಿನಲ್ಲಿ ಅಡ್ಡಡ್ಡ ಸುಕ್ಕುಗಳು. ಹೆಬ್ಬೆರಳಿನಿಂದ ಒತ್ತಿದರೆ ಸೀಮೆಸುಣ್ಣದ ಡಸ್ಟರನ್ನು ಒತ್ತಿದ ಹಾಗಿತ್ತು. ಮನೆಗೆ ಬಂದು ಫೋನಿನಲ್ಲಿ ಓಟದ ದಾಖಲೆ ಕೂಡಿಸಿದೆ. ಆ ಜೋಡಿಯಲ್ಲಿ 1,140 ಕಿಲೋಮೀಟರ್ ಆಗಿತ್ತು. ಆ ಸಲದ ಓಟವನ್ನು ಬಿಡಬೇಕಾಯಿತು.

ಆ ಮೇಜಿನ ಪರೀಕ್ಷೆಗಿಂತ ಒಳ್ಳೆಯದು ನನಗೆ ಇದುವರೆಗೆ ಸಿಕ್ಕಿಲ್ಲ. ಹಿಮ್ಮಡಿಯ ಹೊರಅಂಚಿನ ರಬ್ಬರು ಸವೆದಿದ್ದರೆ ಗಾಬರಿ ಬೇಡ. ಹಿಮ್ಮಡಿಯಲ್ಲಿ ಇಳಿಯುವ ಹೆಚ್ಚಿನವರ ಕಾಲು ಮೊದಲು ತಾಗುವುದೇ ಅಲ್ಲಿ. ಹಿಂದಿನಿಂದ ನೋಡಿದಾಗ ಶೂ ವಾಲಿದ್ದರೆ ಮಾತ್ರ ಆ ಶೂ ಓಟಕ್ಕೆ ಬೇಡ.

ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು ಎಂದು ಕೇಳಿದರೆ ತಯಾರಕರೂ ಕೋಚ್‌ಗಳೂ 500ರಿಂದ 800 ಎನ್ನುತ್ತಾರೆ. ವಾರಕ್ಕೆ 25 ಕಿಲೋಮೀಟರ್ ಓಡುವವರಿಗೆ ಅದು ಐದರಿಂದ ಏಳೂವರೆ ತಿಂಗಳು. ಹಾಗೆಂದು 800ನೇ ಕಿಲೋಮೀಟರಿನಲ್ಲಿ ಏನೋ ಪಟ್ಟನೆ ಕಿತ್ತುಹೋಗುತ್ತದೆ ಎಂದುಕೊಳ್ಳಬೇಡಿ. 1985ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶೂಗಳನ್ನು ಯಂತ್ರಕ್ಕೆ ಕೊಟ್ಟು ಕುಟ್ಟಿಸಿದರು. ಹೊಡೆತ ತಾಳುವ ಶಕ್ತಿ ಮೊದಲ 80 ಕಿಲೋಮೀಟರಿನಲ್ಲೇ ಮುಕ್ಕಾಲಕ್ಕೆ ಇಳಿಯಿತು, 800ರ ಹೊತ್ತಿಗೆ ಶೇ. 60ಕ್ಕಿಂತ ಕೆಳಗೆ. ಮನುಷ್ಯರು ಹಾಕಿಕೊಂಡು ಓಡಿದ ಶೂಗಳಲ್ಲಿ ಅದೇ 800ಕ್ಕೆ ಸುಮಾರು ಶೇ. 70 ಉಳಿದಿತ್ತು. ಅಂದರೆ ದೊಡ್ಡ ಇಳಿಕೆ ಹೊಸದರಲ್ಲೇ ಆಗಿಹೋಗುತ್ತದೆ, ಆಮೇಲಿನದು ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ತೆವಳುತ್ತದೆ. ನಮಗೆ ಅದು ತಿಳಿಯದಿರುವುದಕ್ಕೂ ಇದೇ ಕಾರಣ: ಶೂ ಜೊತೆಗೇ ಕಾಲೂ ಹೊಂದಿಕೊಳ್ಳುತ್ತಾ ಹೋಗುತ್ತದೆ. ಅಂದಿನಿಂದ ಫೋಮುಗಳು ಸುಧಾರಿಸಿವೆ, ನಿಜ. ಆದರೂ 500 ದಾಟಿದ ಮೇಲೆ ವಾರಕ್ಕೊಮ್ಮೆ ಶೂವನ್ನು ಮೇಜಿನ ಮೇಲಿಟ್ಟು ನೋಡಬೇಕು ಎಂಬುದು ನನ್ನ ಪಟ್ಟು. ತೂಕ ಹೆಚ್ಚಿದ್ದು ಡಾಂಬರು, ಕಾಂಕ್ರೀಟಿನ ಮೇಲೇ ಓಡುವವರು ಇನ್ನೂ ಬೇಗ ಶುರುಮಾಡಲಿ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಮಣ್ಣುದಾರಿಯಲ್ಲಿ ಓಡುವವರ ಶೂ ಸ್ವಲ್ಪ ಹೆಚ್ಚು ದಿನ ಬಾಳುವುದನ್ನು ಕಂಡಿದ್ದೇನೆ.

ದುಬಾರಿಯಾದರೆ ಜಾಸ್ತಿ ಬಾಳಿಕೆ ಬರುತ್ತದೆಂಬ ನಂಬಿಕೆಯನ್ನೂ ಬಿಡಬೇಕು. 2023ರ ಬರ್ಲಿನ್ ಮ್ಯಾರಥಾನಿನಲ್ಲಿ ಇಥಿಯೋಪಿಯದ ಟಿಗಿಸ್ಟ್ ಅಸೆಫಾ 2 ಗಂಟೆ 11 ನಿಮಿಷ 53 ಸೆಕೆಂಡಿನಲ್ಲಿ ಓಡಿ ಮಹಿಳೆಯರ ವಿಶ್ವದಾಖಲೆ ಬರೆದಾಗ ಕಾಲಿನಲ್ಲಿದ್ದದ್ದು ಅಡಿಡಾಸ್‌ನ 138 ಗ್ರಾಂ ತೂಕದ ಶೂ. ಬೆಲೆ 500 ಡಾಲರ್. ಅದು ಒಂದು ಮ್ಯಾರಥಾನಿಗೆ, ಜೊತೆಗೆ ಕಾಲಿಗೆ ಒಗ್ಗಿಸಿಕೊಳ್ಳುವಷ್ಟು ಓಟಕ್ಕೆ ಮಾತ್ರ ಎಂದು ಕಂಪನಿಯೇ ಹೇಳಿತ್ತು.

ಬಿಸಿಲಿನ ಬಗ್ಗೆಯೂ ಒಂದು ಮಾತು. ಮಳೆಯಲ್ಲಿ ನೆಂದ ಶೂವನ್ನು ತಾರಸಿಯ ಸುಡುಬಿಸಿಲಿಗೆ ಇಡುವವರು, ಕಾರಿನ ಡಿಕ್ಕಿಯಲ್ಲಿ ದಿನಗಟ್ಟಲೆ ಬಿಡುವವರು ಇವಿಎಯನ್ನು ತಾವೇ ಕೊಲ್ಲುತ್ತಾರೆ. ಶಾಖಕ್ಕೆ ಅದು ಮೆತ್ತಗಾಗಿ ಆಕಾರ ಕೆಡುತ್ತದೆ. ಒಳಗಿನ ಹಾಸು ತೆಗೆದು, ಹಳೆಯ ಪೇಪರು ತುರುಕಿ, ನೆರಳಲ್ಲಿ ಫ್ಯಾನಿನ ಕೆಳಗಿಡಿ. ಹೊಸ ಶೂವನ್ನು ಜೋಪಾನವಾಗಿ ಡಬ್ಬಿಯಲ್ಲಿ ವರ್ಷಗಟ್ಟಲೆ ಇಡುವುದರಿಂದಲೂ ಲಾಭವಿಲ್ಲ. ಪಾಲಿಯುರೆಥೇನ್ ತಳದ ಶೂಗಳಿಗೆ ಗಾಳಿಯ ತೇವವೇ ಶತ್ರು. ಮಂಗಳೂರಿನ ಗೆಳೆಯರೊಬ್ಬರು ಹಾಗೆ ಎತ್ತಿಟ್ಟ ಜೋಡಿ ಮೊದಲ ದಿನವೇ ಹಳೇ ಬಿಸ್ಕತ್ತಿನಂತೆ ಪುಡಿಯಾಯಿತು.

ಕೊನೆಗೆ ಮೈಯ ಮಾತು ಕೇಳಿ. ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಅಂಗಾಲು ಚುಚ್ಚಿದರೆ, ಓಟದ ದೂರ ಹೆಚ್ಚಿಸದಿದ್ದರೂ ಮಂಡಿ ಅಥವಾ ಮೀನಖಂಡ ಮರುದಿನವೂ ನೋಯುತ್ತಿದ್ದರೆ, ಮಾತ್ರೆಗೆ ಮೊದಲು ಶೂ ನೋಡಿ. ಬದಲಾಯಿಸಿದ ಮೇಲೂ ಎರಡು ವಾರ ನೋವು ಉಳಿದರೆ ವೈದ್ಯರಲ್ಲಿಗೆ ಹೋಗಿ, ಅದು ಶೂವಿನ ತಪ್ಪಲ್ಲ. ಓಟಕ್ಕೆ ಮುಗಿದ ಜೋಡಿ ತರಕಾರಿ ತರಲು, ಗಿಡಕ್ಕೆ ನೀರು ಹಾಕಲು ಇನ್ನೂ ಬರುತ್ತದೆ. ಓಟ ಶುರುಮಾಡಿದ ತಮ್ಮನಿಗೋ ಅಣ್ಣನ ಮಗನಿಗೋ ಮಾತ್ರ ದಾಟಿಸಬೇಡಿ, ನಿಮ್ಮ ಕಾಲಿನ ವಾಲು ಅವನ ಕಾಲಿಗೆ ಬರುತ್ತದೆ.

ಮುಂದಿನ ಜೋಡಿ ಕೊಂಡ ದಿನ ಲೇಸಿನ ಕೆಳಗಿನ ನಾಲಿಗೆಯನ್ನು ಮೇಲೆತ್ತಿ, ಒಳಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ತಾರೀಕು ಬರೆಯಿರಿ. ಈಗ ಹಾಕುತ್ತಿರುವ ಜೋಡಿಯನ್ನು ಇವತ್ತೇ ಮೇಜಿನ ಮೇಲಿಟ್ಟು, ಬಗ್ಗಿ, ಹಿಂದಿನಿಂದ ಒಮ್ಮೆ ನೋಡಿ.