ಪತ್ತೇದಾರಿ ಚಿತ್ರಗಳಲ್ಲಿ ನಾಯಕನ ವರ್ಣ

ಕಾವ್ಯದಲ್ಲಿ ನಾಯಕನಾಗಲು ಯಾರು ಅರ್ಹರೆಂಬ ಪ್ರಶ್ನೆ ಬಹು ಹಳೆಯದು. ನಮ್ಮ ಲಾಕ್ಷಣಿಕರು ಧೀರೋದಾತ್ತಾದಿ ಭೇದಗಳನ್ನು ಹೇಳಿ, ನಾಯಕನಿಗೆ ಕುಲಶೀಲಗಳ ಕಟ್ಟನ್ನು ವಿಧಿಸಿದರು. ಅಮೆರಿಕದ ಚಲಚ್ಚಿತ್ರಗಳಲ್ಲಿ ಇಂತಹ ಲಕ್ಷಣಗ್ರಂಥವಾವುದೂ ಇರಲಿಲ್ಲ. ಆದರೂ ಕಟ್ಟು ಮಾತ್ರ ಬಲವಾಗಿಯೇ ಇದ್ದಿತು. ಅಪರಾಧದ ಕಥೆಗಳಲ್ಲಿ ಸತ್ಯವನ್ನು ಶೋಧಿಸುವವನು ಸಾಮಾನ್ಯವಾಗಿ ಶ್ವೇತವರ್ಣೀಯ. ಕೃಷ್ಣವರ್ಣೀಯನ ಪಾಲಿಗೆ ಬರುತ್ತಿದ್ದುದು ಸೇವಕನ ಪಾತ್ರ, ಇಲ್ಲವೆ ಹಾಸ್ಯಗಾರನ ಪಾತ್ರ. ಈ ಕಟ್ಟು ಸಡಿಲಿದ ಬಗೆಯನ್ನು ಕೆಲವು ಚಿತ್ರಗಳಿಂದ ತಿಳಿಯಬಹುದು.

1967ರಲ್ಲಿ ನಾರ್ಮನ್ ಜ್ಯೂಯಿಸನ್ ನಿರ್ದೇಶಿಸಿದ ‘ಇನ್ ದ ಹೀಟ್ ಆಫ್ ದ ನೈಟ್’ ಇವುಗಳಲ್ಲಿ ಮೊದಲು ಎಣಿಸತಕ್ಕುದು. ಮಿಸಿಸಿಪಿಯ ಸಣ್ಣ ಊರೊಂದರಲ್ಲಿ ಕೊಲೆ ನಡೆಯುತ್ತದೆ. ರೈಲು ನಿಲ್ದಾಣದಲ್ಲಿ ಕುಳಿತಿದ್ದ ಅಪರಿಚಿತನೊಬ್ಬನನ್ನು ಪೋಲೀಸರು ವರ್ಣವನ್ನು ಕಂಡೇ ಹಿಡಿದು ತರುತ್ತಾರೆ. ಅವನಾದರೋ ಫಿಲಡೆಲ್ಫಿಯದ ನುರಿತ ಪತ್ತೇದಾರ ವರ್ಜಿಲ್ ಟಿಬ್ಸ್. ಸಂದೇಹಕ್ಕೆ ಗುರಿಯಾದವನೇ ಸಂದೇಹವನ್ನು ಪರಿಹರಿಸುವವನಾಗುವುದು ಕಥೆಯ ಜೀವಾಳ. ತೋಟದ ಒಡೆಯನು ಕೆನ್ನೆಗೆ ಹೊಡೆದಾಗ ಟಿಬ್ಸನು ಕ್ಷಣವೂ ತಡೆಯದೆ ತಿರುಗಿ ಹೊಡೆಯುತ್ತಾನೆ. ನೂರು ಗುಂಡುಗಳ ಕಾಳಗವು ಹುಟ್ಟಿಸಲಾರದ ವೀರರಸವು ಆ ಒಂದು ಏಟಿನಲ್ಲಿದೆ. ಚಿತ್ರಕ್ಕೂ, ಪೋಲೀಸು ಮುಖ್ಯಸ್ಥನ ಪಾತ್ರ ವಹಿಸಿದ ರಾಡ್ ಸ್ಟೈಗರನಿಗೂ ಆಸ್ಕರ್ ಪ್ರಶಸ್ತಿ ಬಂದಿತು. ಟಿಬ್ಸನಾದ ಸಿಡ್ನಿ ಪಾಯ್ಟಿಯರನ ಹೆಸರು ನಾಮನಿರ್ದೇಶನದ ಪಟ್ಟಿಯಲ್ಲಿಯೂ ಕಾಣಲಿಲ್ಲ. ಚಿತ್ರದ ಒಳಗೂ ಒಂದು ಕೊರತೆಯುಂಟು. ಟಿಬ್ಸನು ಬಹುಮಟ್ಟಿಗೆ ಒಂಟಿ; ಅವನ ಮನೆಯನ್ನಾಗಲಿ, ನೆರೆಯನ್ನಾಗಲಿ ಪ್ರೇಕ್ಷಕರು ಕಾಣರು. ಇತರರಿಗಿಂತ ಇಮ್ಮಡಿ ಸಮರ್ಥನಾದರೆ ಮಾತ್ರ ಅವನಿಗೆ ಸಮಾನತೆ.

1971ರ ‘ಶಾಫ್ಟ್’ ಈ ಒಂಟಿತನವನ್ನು ನೀಗಿತು. ನಿರ್ದೇಶಕ ಗಾರ್ಡನ್ ಪಾರ್ಕ್ಸ್ ಸ್ವತಃ ಕೃಷ್ಣವರ್ಣೀಯನು, ಹೆಸರಾಂತ ಛಾಯಾಗ್ರಾಹಕನು. ರಿಚರ್ಡ್ ರೌಂಡ್‌ಟ್ರೀ ಅಭಿನಯಿಸಿದ ನಾಯಕನು ನ್ಯೂಯಾರ್ಕಿನ ಬೀದಿಗಳಲ್ಲಿ ತನ್ನ ಊರೆಂಬ ಸಲಿಗೆಯಿಂದ ನಡೆಯುತ್ತಾನೆ. ಯಾರ ಮುಂದೆಯೂ ತನ್ನ ಯೋಗ್ಯತೆಯನ್ನು ಸಿದ್ಧಪಡಿಸಲು ಹೋಗುವುದಿಲ್ಲ. ಚಿತ್ರವು ಹಣ ಗಳಿಸಿತು. ಬೆನ್ನಲ್ಲಿಯೇ ಇಂಥವುಗಳ ಹಿಂಡು ಬಂದಿತು. 1972ರ ‘ಸೂಪರ್ ಫ್ಲೈ’ ಚಿತ್ರದಲ್ಲಿ ಮಾದಕವಸ್ತುವಿನ ವ್ಯಾಪಾರಿಯೇ ನಾಯಕನಾದನು. ಕೃಷ್ಣವರ್ಣೀಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಸಂಸ್ಥೆಗಳೇ ಇದನ್ನು ಪ್ರತಿಭಟಿಸಿದವು. ತೆರೆಯ ಮೇಲೆ ತಮ್ಮವರು ಬಂದರೆ ಸಾಲದು, ಯಾವ ರೂಪದಲ್ಲಿ ಬಂದರೆಂಬುದನ್ನೂ ನೋಡಬೇಕೆಂಬುದು ಅವರ ವಾದ. ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಶ್ವೇತವರ್ಣೀಯ ನಟರು ದರೋಡೆಗಾರರಾಗಿ ಮೆರೆದಾಗ ಅವರ ಜನಾಂಗವೆಲ್ಲ ಅದಕ್ಕೆ ಉತ್ತರ ಹೇಳಬೇಕಾಗಿ ಬರಲಿಲ್ಲ. ಒಬ್ಬನು ಇಡೀ ಕುಲಕ್ಕೆ ಪ್ರತಿನಿಧಿಯಾಗಲೇಬೇಕಾದ ಈ ಹೊರೆಯೇ ಅಸಮತೆಯ ಗುರುತು.

ಸ್ತ್ರೀಪಾತ್ರದಲ್ಲಿ ಈ ತೊಡಕು ಇನ್ನೂ ಸೂಕ್ಷ್ಮ. 1973ರ ‘ಕಾಫಿ’ ಚಿತ್ರದಲ್ಲಿ ಪ್ಯಾಮ್ ಗ್ರಿಯರ್ ತಂಗಿಯನ್ನು ಕೆಡಿಸಿದ ಮಾದಕ ವ್ಯಾಪಾರಿಗಳನ್ನು ಬಂದೂಕು ಹಿಡಿದು ಬೇಟೆಯಾಡುವ ದಾದಿಯಾದಳು. ಸೇಡಿನ ಹುರುಪಿನೊಡನೆ ಅವಳ ದೇಹವನ್ನು ಸರಕಾಗಿಸುವ ಚಪಲವೂ ಆ ಚಿತ್ರದಲ್ಲಿದೆ. ಅದೇ ನಟಿಯು 1997ರ ‘ಜಾಕಿ ಬ್ರೌನ್’ ಚಿತ್ರದಲ್ಲಿ ಅಲ್ಪ ಸಂಬಳದ ವಿಮಾನ ಪರಿಚಾರಿಕೆ, ವಯಸ್ಸು ನಲವತ್ತನಾಲ್ಕು. ಎಲ್ಮೋರ್ ಲೆನಾರ್ಡನ ಮೂಲ ಕಾದಂಬರಿಯಲ್ಲಿ ಈಕೆ ಶ್ವೇತವರ್ಣೀಯೆ. ನಿರ್ದೇಶಕ ಕ್ವೆಂಟಿನ್ ಟ್ಯಾರಂಟಿನೋ ವರ್ಣವನ್ನು ಬದಲಿಸಿದುದರಿಂದ ಕಥೆಯ ತೂಕವೇ ಬದಲಾಯಿತು. ಪೋಲೀಸರ ಬೆದರಿಕೆ, ಕೆಲಸ ಹೋದರೆ ಮತ್ತೊಂದು ದೊರೆಯದೆಂಬ ಭಯ, ಇವೆರಡೂ ಅವಳ ಪಾಲಿಗೆ ಇಮ್ಮಡಿಯಾಗುತ್ತವೆ. ಆದರೂ ಅವಳು ದೇವತೆಯಲ್ಲ, ರಾಕ್ಷಸಿಯಲ್ಲ; ಬುದ್ಧಿಯಿಂದ ಬದುಕಿಕೊಳ್ಳುವ ಹೆಂಗಸು.

ಪಾತ್ರದ ವರ್ಣವು ಅದರ ಭಯಕ್ಕೂ ಧೈರ್ಯಕ್ಕೂ ಕಾರಣವಾಗಿ ಬಂದಲ್ಲಿ ಔಚಿತ್ಯವುಂಟು. ಬರಿಯ ಅಲಂಕಾರವಾಗಿ ಬಂದಲ್ಲಿ ಅದು ವೇಷ ಮಾತ್ರ. ಟಿಬ್ಸನಿಗೆ ಗೌರವ ದೊರೆಯಿತು, ಶಾಫ್ಟನಿಗೆ ಊರು ದೊರೆಯಿತು. ತಪ್ಪುಮಾಡಿಯೂ ಮನುಷ್ಯಳಾಗಿ ಉಳಿಯುವ ಹಕ್ಕು ಜಾಕಿಗೆ ದೊರೆಯಿತು. ಮೂರರಲ್ಲಿ ಅತ್ಯಂತ ದುರ್ಲಭವಾದುದು ಇದೇ.