ಒಗ್ಗರಣೆಯೋ ತಾಳಿಸುವುದೋ: ಕೊಯಮತ್ತೂರು ಸೀಮೆಯ ಕನ್ನಡದ ಒಂದು ಪದವಿಚಾರ

ಹಸಿ ತರಕಾರಿಯ ಮೇಲೆ ಪಾಶ್ಚಾತ್ಯರು ಸುರಿದುಕೊಳ್ಳುವ 'ಸಲಾಡ್ ಡ್ರೆಸಿಂಗ್'ಗೆ ಕನ್ನಡದಲ್ಲೇನು ಎಂದು ಕೇಳಿದರೆ ಹಲವರು ತಡಮಾಡದೆ 'ಒಗ್ಗರಣೆ' ಅಂತಾರೆ. ಪೂರ್ತಿ ಒಪ್ಪತಕ್ಕದ್ದಲ್ಲ. ಅವರದು ಎಣ್ಣೆ, ಹುಳಿಗಳನ್ನು ತಣ್ಣಗೇ ಕದಡಿದ್ದು. ನಮ್ಮದು ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿಸಿದ್ದು. ಆದರೂ ಕೋಸಂಬರಿಯ ಮಟ್ಟಿಗೆ ಎರಡರ ಕೆಲಸವೂ ಒಂದೇ. ಹೆಸರುಬೇಳೆ, ಸೌತೆಕಾಯಿ, ತೆಂಗಿನತುರಿ, ನಿಂಬೆರಸ ಎಲ್ಲಾ ಸೇರಿದರೂ ಒಗ್ಗರಣೆ ಬೀಳುವ ತನಕ ಅದು ಬರೀ ನೆನೆದ ಬೇಳೆ.

ಈ ಪದಕ್ಕೆ ಒಂದು ಸುಲಭ ವ್ಯುತ್ಪತ್ತಿ ಪ್ರಚಾರದಲ್ಲಿದೆ: ಬಾಯಿಗೆ ಒಗ್ಗುವ ಹಾಗೆ ಮಾಡುವುದರಿಂದ ಒಗ್ಗರಣೆಯಂತೆ. ಕೇಳಲು ಚೆನ್ನ, ನಿಲ್ಲುವುದಿಲ್ಲ. 'ಒಗ್ಗು' ಧಾತುವಾದರೆ ಉಳಿದ 'ಅರಣೆ' ಯಾವ ಪ್ರತ್ಯಯ? ಅಂಥದೊಂದು ಕೃತ್ಪ್ರತ್ಯಯ ಕನ್ನಡದಲ್ಲಿಲ್ಲ. ಸೋಮಯಾಗದಲ್ಲಿ ಉತ್ತರವೇದಿಯ ಮೇಲೆ ಮೂಲೆಯಿಂದ ಮೂಲೆಗೆ ತುಪ್ಪ ಸುರಿಯುವ ಕ್ರಿಯೆಗೆ 'ವ್ಯಾಘಾರಣ'ವೆಂದು ಹೆಸರು. 'ಘೃತ' ಹುಟ್ಟಿದ ಘೃ ಧಾತುವಿನಿಂದಲೇ ಇದೂ ಹುಟ್ಟಿತು. ಪ್ರಾಕೃತದ ದಾರಿಯಲ್ಲಿ ಬಂದು ಇದು ಹಿಂದಿಯಲ್ಲಿ 'ಬಘಾರ್', ಗುಜರಾತಿಯಲ್ಲಿ 'ವಘಾರ್' ಆಯಿತು, ಕನ್ನಡದಲ್ಲಿ ವಗ್ಗರಣೆ, ಒಗ್ಗರಣೆ ಆಯಿತು. ಸಂಶಯವುಳ್ಳವರು 'ವ್ಯಾಖ್ಯಾನ'ವು ವಕ್ಕಣೆ, ಒಕ್ಕಣೆ ಆದುದನ್ನು ಪಕ್ಕದಲ್ಲಿಟ್ಟು ನೋಡಲಿ. ಅದೇ ಆದಿ, ಅದೇ ಒತ್ತಕ್ಷರ, ಅದೇ ಕೊನೆ. ಯಜ್ಞವೇದಿಯ ತುಪ್ಪ ಅಡಿಗೆಮನೆಯ ಸೌಟಿಗಿಳಿದದ್ದು ಪದಕ್ಕೇನೂ ಅವಮಾನವಲ್ಲ.

ಇಷ್ಟು ಹೇಳಿದ್ದು ಸಂಸ್ಕೃತದ ಹೆಚ್ಚುಗಾರಿಕೆ ಸಾರುವುದಕ್ಕಲ್ಲ. ಕೊಯಮತ್ತೂರು ಜಿಲ್ಲೆಯಲ್ಲೂ 2009ರಲ್ಲಿ ಬೇರೆಯಾದ ತಿರುಪ್ಪೂರು ಜಿಲ್ಲೆಯಲ್ಲೂ ದೇವಾಂಗದವರು, ಒಕ್ಕಲಿಗರು ಮೊದಲಾದವರ ಮನೆಮಾತು ಕನ್ನಡ. ಓದುಬರಹ, ಅಂಗಡಿ, ಕಚೇರಿ ಎಲ್ಲಾ ತಮಿಳು. ಇಲ್ಲಿಯವನಾದ ನನ್ನ ಕಿವಿಯಲ್ಲಿ 'ಒಗ್ಗರಣೆ ಹಾಕು', 'ತಾಳ್ಸು' ಎರಡೂ ಇವೆ. ಬೆಂಗಳೂರು ಕಡೆಯಿಂದ ಬಂದ ನೆಂಟರು ಎರಡನೆಯದನ್ನು ಕೇಳಿ, "ಇದೇನ್ರೀ, ತಮಿಳು ಕಲಸ್ಬಿಟ್ಟಿದೀರಲ್ಲ!" ಎಂದು ನಗುವುದುಂಟು. ನಕ್ಕರೆ ನಗಲಿ. ಆದರೆ ಪದಪಟ್ಟಿ ಮಾಡುವ ವಿದ್ವಾಂಸರೂ ಅದೇ ಧಾಟಿಯಲ್ಲಿ ಇಂಥ ಮಾತುಗಳ ಎದುರು 'ತಮಿಳಿನಿಂದ ಎರವಲು' ಎಂದು ಗೀಚಿಬಿಟ್ಟರೆ, ನಾಳೆ ನಮ್ಮ ಹೆಣ್ಣುಮಕ್ಕಳು ಆ ಮಾತನ್ನು ನಾಚಿಕೊಂಡು ಬಿಡುತ್ತಾರೆ. ಬಿಟ್ಟ ಜಾಗಕ್ಕೆ ಮೈಸೂರಿನ ಮಾತು ಬರುವುದಿಲ್ಲ, ಪೂರಾ ತಮಿಳೇ ಬರುತ್ತದೆ.

ಎರವಲೆಂಬುದಕ್ಕೆ ಆಧಾರವಾದರೂ ಏನು? ತಮಿಳಿನಲ್ಲಿ 'ತಾಳಿ' ಧಾತುವಿದೆ, ನಿಜ. ಮಲೆಯಾಳದಲ್ಲಿ 'ತಾಳಿಕ್ಕುಕ', ತೆಲುಗಿನಲ್ಲಿ 'ತಾಲಿಂಪು' ಇಲ್ಲವೇ? ಅಷ್ಟು ದೂರವೂ ಬೇಡ, ಕಾಸರಗೋಡು ಕಡೆಯ ಹವ್ಯಕರ ಮನೆಯಲ್ಲಿ ಊಟಕ್ಕೆ ಕೂತರೆ ಪಲ್ಯಕ್ಕೆ 'ತಾಳು' ಅಂತಲೇ ಹೆಸರು. ಕೊಯಮತ್ತೂರಿನ ತಮಿಳು ಅಲ್ಲಿಗೆ ಹೋಗಿ ಬಡಿಸಿ ಬಂದಿತೇ? ನಾಲ್ಕು ದ್ರಾವಿಡ ಭಾಷೆಗಳಿಗೂ ಸೇರಿದ ಧಾತು ಇದು. ನಡುವಣ ಸೀಮೆಯಲ್ಲಿ ಒಗ್ಗರಣೆಯೇ ಬಲವಾದ್ದರಿಂದ ಅಂಚುಗಳಲ್ಲಿ ಉಳಿದಿದೆ. ಇಲ್ಲಿಯ 'ತಾಳ್ಸು' ಉಳಿಯುವುದಕ್ಕೆ ಸುತ್ತಣ ತಮಿಳಿನ ಆಸರೆ ಇರಬಹುದು. ಆಸರೆ ಬೇರೆ, ಹುಟ್ಟು ಬೇರೆ. ಹಾಗೆ ನೋಡಿದರೆ ಎರಡರಲ್ಲಿ ಹೊರಗಿನಿಂದ ಬಂದದ್ದು ಒಗ್ಗರಣೆಯೇ! ಐವತ್ತು ವರ್ಷ ಶಬ್ದರೂಪ ಬಾಯಿಪಾಠ ಮಾಡಿಸಿದ ನಾನು ಇದನ್ನು ಹೇಳಲು ಸಂಕೋಚಪಡುವುದಿಲ್ಲ.

ಕೋಸಂಬರಿಯ ವಿಷಯ ಒಂದು ಮಾತು. ತಮಿಳಿನಲ್ಲಿ ಅದು 'ಕೋಸುಮಲ್ಲಿ'. ನಮ್ಮ ಕೊತ್ತಂಬರಿ ಅವರಿಗೆ 'ಕೊತ್ತಮಲ್ಲಿ'. ಈ ಜೋಡಿ ನೋಡಿ ಎರಡನ್ನೂ ಸಂಸ್ಕೃತದ 'ಕುಸ್ತುಂಬರೀ' ಶಬ್ದಕ್ಕೆ ಕಟ್ಟುವ ಆಸೆ ಯಾರಿಗಾದರೂ ಹುಟ್ಟೀತು. ಕುಸ್ತುಂಬುರುವಿನ ಸಕಾರಕ್ಕಾಗಿ ಪಾಣಿನಿ ಬೇರೆ ಸೂತ್ರವನ್ನೇ ಮಾಡಿದ್ದಾನೆ. ಕೊತ್ತಂಬರಿ ಅಲ್ಲಿಂದ ಬಂತೆಂಬುದು ಸರಿ. ಕೋಸಂಬರಿಯ ಮೊದಲ ದೀರ್ಘಕ್ಕೆ ಕಾರಣ ಹೇಳದೆ ಅದನ್ನೂ ಸಿದ್ಧಾಂತವೆಂದು ಯಾರೂ ಅಚ್ಚು ಹಾಕಿಸಬಾರದು.