ಬಕವಧೆಯ ಕಥೆಯೂ ವೀರಯಾತ್ರೆಯ ಲಕ್ಷಣವೂ

ಅದ್ಭುತಕಥೆಯ ನಾಯಕನು ಮನೆಯನ್ನು ಬಿಟ್ಟು ಹೊರಡುವನು; ಅಪರಿಚಿತವಾದ ಲೋಕವೊಂದನ್ನು ಹೊಕ್ಕು ಭಯಂಕರವಾದ ಪರೀಕ್ಷೆಗಳನ್ನು ಗೆಲ್ಲುವನು; ಅಲ್ಲಿ ದೊರೆತ ಸಿದ್ಧಿಯೊಡನೆ ಹಿಂದಿರುಗಿ ಸ್ವಜನರಿಗೆ ಉಪಕಾರಿಯಾಗುವನು. ನಿರ್ಗಮನ, ದೀಕ್ಷೆ, ಪ್ರತ್ಯಾಗಮನ ಎಂಬ ಈ ಮೂರು ಘಟ್ಟಗಳನ್ನು ಅಮೆರಿಕದ ವಿದ್ವಾಂಸನಾದ ಜೋಸೆಫ್ ಕ್ಯಾಂಪ್‌ಬೆಲ್ಲನು ೧೯೪೯ರಲ್ಲಿ ಪ್ರಕಟವಾದ ಗ್ರಂಥದಲ್ಲಿ ನಿರೂಪಿಸಿ, ಸಕಲ ದೇಶಗಳ ವೀರಕಥೆಗಳಿಗೂ ಇದೊಂದೇ ಸೂತ್ರವೆಂದು ಪ್ರತಿಪಾದಿಸಿದನು. ಟೋಲ್ಕಿನ್ನನು ೧೯೩೭ರಲ್ಲಿಯೂ ೧೯೫೪-೫೫ರಲ್ಲಿಯೂ ಹೊರತಂದ ಅದ್ಭುತಕಥೆಗಳನ್ನು ಈ ಸೂತ್ರದಿಂದಲೇ ವಿವರಿಸುವುದು ವಾಡಿಕೆಯಾಗಿದೆ. ಭಾರತದ ಉಪಾಖ್ಯಾನಗಳಿಗೂ ಇದನ್ನು ಅನ್ವಯಿಸುವವರು ಹಲವರಿರುವುದರಿಂದ, ಈ ಅಳತೆಗೋಲು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದು ವಿಚಾರಣೀಯವಾಗಿದೆ.

ಸಲ್ಲುವ ಕಡೆ ಇಲ್ಲವೆಂದಲ್ಲ. ಅರ್ಜುನನು ಸಹೋದರರನ್ನಗಲಿ ಇಂದ್ರಕೀಲಕ್ಕೆ ಹೋಗುವನು. ಕಿರಾತರೂಪಿಯಾದ ಶಿವನೊಡನೆ ಹೋರಾಡುವನು. ಪಾಶುಪತವನ್ನು ಪಡೆದು, ಸ್ವರ್ಗವನ್ನು ಕಂಡು ಹಿಂದಿರುಗುವನು. ಇಲ್ಲಿ ಮೂರು ಘಟ್ಟಗಳೂ ಸ್ಪಷ್ಟವಾಗಿವೆ. ಆದರೆ ಒಂದು ಕಥೆಯಲ್ಲಿ ಕಂಡ ಲಕ್ಷಣವು ಎಲ್ಲ ಕಥೆಗಳಲ್ಲಿಯೂ ಇರಲೇಬೇಕೆಂಬುದು ಅತಿವ್ಯಾಪ್ತಿ. ಅದಕ್ಕೆ ಆದಿಪರ್ವದ ಬಕವಧೆಯೇ ಸಾಕಾದ ನಿದರ್ಶನವಾಗಿದೆ.

ಈ ಕಥೆಯನ್ನು ತನ್ನದೆಂದು ಹೇಳಿಕೊಳ್ಳುವ ಸ್ಥಳವೊಂದು ಕನ್ನಡನಾಡಿನಲ್ಲಿದೆ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಏಕಚಕ್ರಪುರವೆಂದೂ, ಅಲ್ಲಿಯ ಬೆಟ್ಟವೇ ಬಕನ ನೆಲೆಯೆಂದೂ ಐತಿಹ್ಯವುಂಟು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು ಸೇರಿದ ಈ ಸೀಮೆಯು ೨೦೦೭ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದಿತು. ಕನ್ನಡ ತೆಲುಗುಗಳೆರಡೂ ಮನೆಮಾತಾಗಿರುವ ಇಲ್ಲಿ ಭಾರತದ ಕಥೆಯು ನೆಲದಲ್ಲಿಯೇ ಬೇರೂರಿದೆ. ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥವು ವಿದುರನು ನೆಟ್ಟ ಅಶ್ವತ್ಥದಿಂದ ಹೆಸರು ಪಡೆಯಿತೆಂಬ ನಂಬಿಕೆಯೂ ಈ ಜಾತಿಯದೇ. ವಂಗದೇಶದ ಬೀರಭೂಮಿಯಲ್ಲಿಯೂ ಏಕಚಕ್ರವೆಂಬ ಗ್ರಾಮವಿದೆ. ಇವುಗಳಲ್ಲಿ ನಿಜವಾದುದು ಯಾವುದೆಂಬ ವಿವಾದವು ಪ್ರಕೃತಕ್ಕೆ ಅನಾವಶ್ಯಕ. ಕೈವಾರದ ಜನರು ಕಥೆಯಲ್ಲಿ ಏನನ್ನು ಮುಖ್ಯವೆಂದು ಉಳಿಸಿಕೊಂಡರು ಎಂಬುದಷ್ಟೇ ಇಲ್ಲಿ ಗಮನಾರ್ಹ.

ಕಥೆಯ ಸಂವಿಧಾನವನ್ನು ಮೊದಲು ನೋಡತಕ್ಕದ್ದು. ಅರಗಿನ ಮನೆಯಿಂದ ತಪ್ಪಿಸಿಕೊಂಡ ಪಾಂಡವರು ಏಕಚಕ್ರದಲ್ಲಿ ಬ್ರಾಹ್ಮಣನೊಬ್ಬನ ಮನೆಯಲ್ಲಿ ಭಿಕ್ಷಾನ್ನದಿಂದ ಜೀವಿಸುತ್ತಿರುವರು. ತಂದ ಭಿಕ್ಷೆಯಲ್ಲಿ ಅರ್ಧವು ಭೀಮನಿಗೆ, ಉಳಿದರ್ಧವು ಮಿಕ್ಕವರೆಲ್ಲರಿಗೆ. ಆ ಊರಿನ ಮನೆಗಳು ಸರದಿಯಂತೆ ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ, ಇಷ್ಟನ್ನು ಬಕನಿಗೆ ಕಳುಹಿಸಬೇಕು. ಮೂಲದಲ್ಲಿ ಈ ಸರದಿಗೆ ವಾರವೆಂದು ಹೆಸರು. ವಾರಾನ್ನವೆಂಬ ಮಾತು ಪಾಠಶಾಲೆಗಳಲ್ಲಿ ಓದಿದವರಿಗೆ ಪರಿಚಿತವಾದುದೇ: ಮನೆಗಳು ಸರದಿಯಿಂದ ವಿದ್ಯಾರ್ಥಿಗೆ ಅನ್ನವಿಕ್ಕುವ ಪುಣ್ಯದ ಏರ್ಪಾಡು ಅದು. ಏಕಚಕ್ರದಲ್ಲಿ ಅದೇ ಸರದಿಯು ವಿಪರೀತವಾಗಿ, ಅನ್ನದೊಡನೆ ಅನ್ನವಿಕ್ಕುವವನೂ ಹೋಗಬೇಕಾಗಿದೆ. ದೇಶದ ರಾಜನು ದುರ್ಬಲನೆಂದೂ, ಪ್ರಜೆಗಳನ್ನು ರಕ್ಷಿಸಲಾರನೆಂದೂ ಬ್ರಾಹ್ಮಣನು ಕುಂತಿಗೆ ಸ್ಪಷ್ಟವಾಗಿ ತಿಳಿಸುವನು.

ಬ್ರಾಹ್ಮಣನ ಮನೆಯ ವಾರವು ಬಂದ ದಿನ ಆ ಮನೆಯಲ್ಲಿ ನಡೆಯುವ ಸಂಭಾಷಣೆಯೇ ಕಥೆಯ ಜೀವಸ್ಥಾನ. ತಾನು ಹೋಗುವೆನೆಂದು ಗಂಡ, ತಾನೆಂದು ಹೆಂಡತಿ, ತಾನೆಂದು ಮಗಳು. ಕಡೆಗೆ ಮಾತು ಬಾರದ ಚಿಕ್ಕ ಮಗನು ಹುಲ್ಲುಕಡ್ಡಿಯನ್ನು ಹಿಡಿದು, ಇದರಿಂದ ರಾಕ್ಷಸನನ್ನು ಕೊಲ್ಲುವೆನೆಂದು ತೊದಲುವನು. ದುಃಖದ ನಡುವೆಯೂ ತಂದೆತಾಯಿಗಳಿಗೆ ಹರ್ಷವುಂಟಾಗುವುದು. ಆ ಕ್ಷಣದಲ್ಲಿಯೇ ಕುಂತಿಯು ಒಳಗೆ ಬರುವಳು. ಕಥೆಯ ನಿಜವಾದ ವೀರನಾರೆಂದು ಕೇಳಿದರೆ, ಗದಾಧರನಿಗಿಂತ ಮೊದಲು ಈ ಹುಲ್ಲುಕಡ್ಡಿಯ ಬಾಲಕನನ್ನು ನೆನೆಯಬೇಕಾಗುತ್ತದೆ.

ಪರೀಕ್ಷೆಯು ಗುಹೆಯಲ್ಲಿ ನಡೆಯುವುದೆಂಬುದು ವೀರಯಾತ್ರೆಯ ಸೂತ್ರ. ಇಲ್ಲಿಯಾದರೋ ಅದು ಹೊಸ್ತಿಲೊಳಗೇ ನಡೆದುಹೋಗುತ್ತದೆ. ಅತಿಥಿಯ ಮಗನನ್ನು ಬಲಿಗೊಡುವುದು ಪಾಪವೆಂದು ಬ್ರಾಹ್ಮಣನು ಒಪ್ಪನು. ಮಗನು ಮಂತ್ರಸಿದ್ಧನೆಂದು ಹೇಳಿ ಕುಂತಿಯು ಒಪ್ಪಿಸುವಳು. ಧರ್ಮರಾಜನು ತಾಯಿಯ ಸಾಹಸವನ್ನು ಆಕ್ಷೇಪಿಸುವನು. ಆಶ್ರಯವಿತ್ತವರ ಋಣವನ್ನು ತೀರಿಸಬೇಕೆಂದೂ, ಶೈಶವದಲ್ಲಿ ತನ್ನ ತೊಡೆಯಿಂದ ಬಿದ್ದು ಬಂಡೆಯನ್ನು ಪುಡಿಗೈದ ಭೀಮನ ಬಲವು ತನಗೆ ತಿಳಿದುದೆಂದೂ ಅವಳು ಉತ್ತರಕೊಡುವಳು. ಯಾರು ಹೋಗಬೇಕು, ಯಾರಿಗಾಗಿ ಹೋಗಬೇಕು ಎಂಬ ಪ್ರಶ್ನೆಗಳೆಲ್ಲ ಬಂಡಿಯು ಹೊರಡುವ ಮೊದಲೇ ಇತ್ಯರ್ಥವಾಗುವುವು. ಭೀಮನಲ್ಲಿ ಸಂದೇಹವಿಲ್ಲ, ಪರಿವರ್ತನೆಯಿಲ್ಲ. ಹೋದಂತೆಯೇ ಬರುವನು. ದೀಕ್ಷೆಯೆಂಬ ಘಟ್ಟವನ್ನು ಅವನಲ್ಲಿ ಹುಡುಕುವವರು ಕಾಡಿನಲ್ಲಿ ಹುಡುಕುತ್ತಿರುವರು, ಅದು ಮನೆಯಲ್ಲಿದೆ.

ಪಾಶ್ಚಾತ್ಯರ ಪ್ರಾಚೀನ ಕಾವ್ಯವಾದ ಬೇವುಲ್ಫ್ ಕಥೆಯೊಡನೆ ಹೋಲಿಸಿದರೆ ಭೇದವು ವಿಶದವಾಗುವುದು. ಟೋಲ್ಕಿನ್ನನು ೧೯೩೬ರಲ್ಲಿ ಆ ಕಾವ್ಯವನ್ನು ಕುರಿತು ಪ್ರಸಿದ್ಧವಾದ ಉಪನ್ಯಾಸವನ್ನು ಮಾಡಿದವನು. ಅದರಲ್ಲಿಯೂ ನರಭಕ್ಷಕನೊಬ್ಬನಿಂದ ಪೀಡಿತವಾದ ಜನಪದ, ಕೈಲಾಗದ ಮುದಿ ರಾಜ, ಹೊರಗಿನಿಂದ ಬಂದ ಮಹಾಬಲನಾದ ವೀರ, ಇವರಿದ್ದಾರೆ. ಆದರೆ ಬೇವುಲ್ಫನು ಕಡಲನ್ನು ದಾಟಿ ಬಂದು ತನ್ನ ವಂಶವನ್ನು ಸಾರುವನು. ಕಿತ್ತ ತೋಳನ್ನು ಸಭಾಮಂದಿರದಲ್ಲಿ ತೂಗುಹಾಕುವರು. ಅವನು ಬಹುಮಾನಗಳೊಡನೆ ಹಿಂದಿರುಗಿ ತನ್ನ ರಾಜನಿಗೆ ಎಲ್ಲವನ್ನೂ ವರ್ಣಿಸುವನು. ಭೀಮನು ಬಕನ ಬೆನ್ನೆಲುಬನ್ನು ಮುರಿದು, ಅವನ ಬಂಧುಗಳಿಂದ ಇನ್ನು ಮನುಷ್ಯರನ್ನು ಹಿಂಸಿಸಬಾರದೆಂಬ ಒಪ್ಪಂದವನ್ನು ಪಡೆದು, ಹೆಣವನ್ನು ಊರಬಾಗಿಲಲ್ಲಿ ಹಾಕಿ, ಯಾರ ಕಣ್ಣಿಗೂ ಬೀಳದೆ ಹಿಂದಿರುಗುವನು. ಬೆಳಗಾದ ಮೇಲೆ ಪೌರರು ಆ ದಿನದ ವಾರವು ಯಾರದೆಂದು ಎಣಿಸಿ ಬ್ರಾಹ್ಮಣನನ್ನು ಕೇಳುವರು. ಅವನು ಮಂತ್ರಸಿದ್ಧನಾದ ಬ್ರಾಹ್ಮಣನೊಬ್ಬನ ಕೃತ್ಯವಿದೆಂದು ಹೇಳಿ ಪಾಂಡವರನ್ನು ಮರೆಮಾಡುವನು. ನಿರ್ವಹಣದಲ್ಲಿ ಅದ್ಭುತರಸವಿರಬೇಕೆಂಬ ದಶರೂಪಕಕಾರನ ವಿಧಿಯು ಇಲ್ಲಿ ಎಷ್ಟು ಸಹಜವಾಗಿ ಸಿದ್ಧಿಸಿದೆ! ರಾಕ್ಷಸನಿದ್ದುದರಿಂದ ಅದ್ಭುತವಲ್ಲ, ಕೊಂದವನ ಹೆಸರು ತಿಳಿಯದುದರಿಂದ ಅದ್ಭುತ.

ಕನ್ನಡ ಕವಿಗಳಲ್ಲಿ ಪಂಪನಿಗೆ ಕಥಾನಾಯಕನು ಅರ್ಜುನನಾದುದರಿಂದ ಬಕವಧೆಯು ದ್ರೌಪದೀಸ್ವಯಂವರದ ಹಾದಿಯಲ್ಲಿ ಒಂದು ಮಜಲಾಗಿ ಸಾಗುತ್ತದೆ. ಕುಮಾರವ್ಯಾಸನು ಬಂಡಿಯ ಅನ್ನವನ್ನು ಭೀಮನೇ ಉಣ್ಣುವ ಸಂದರ್ಭದಲ್ಲಿ ಹಾಸ್ಯವನ್ನು ಬೆಳಗಿಸಿದ್ದಾನೆ. ಮೂಲದಲ್ಲಿಯೂ ಬಕನು ಬೆನ್ನಿಗೆ ಗುದ್ದುತ್ತಿದ್ದರೆ ಭೀಮನು ತಿರುಗಿಯೂ ನೋಡದೆ ಉಣ್ಣುತ್ತಿರುವನು. ಹೊಟ್ಟೆಬಾಕನನ್ನು ಲೋಕವು ಬಕಾಸುರನೆಂದು ಕರೆಯುವುದಾದರೂ, ಆ ದಿನ ಬಕನು ಒಂದು ತುತ್ತನ್ನೂ ಉಣ್ಣಲಿಲ್ಲವೆಂಬುದನ್ನು ಗಮನಿಸಬೇಕು. ಭಿಕ್ಷಾನ್ನದ ಅರ್ಧಪಾಲಿನಿಂದ ತೃಪ್ತನಾಗದೆ ಇದ್ದವನಿಗೆ ಅಂದು ಹೊಟ್ಟೆ ತುಂಬಿತು. ಈ ಹಾಸ್ಯವು ವೀರಕ್ಕೆ ಕುಂದಲ್ಲ. ಭಯದಿಂದ ಅಟ್ಟ ಅನ್ನವನ್ನು ಅದು ಮತ್ತೆ ಮನುಷ್ಯನ ಊಟವನ್ನಾಗಿ ಮಾಡುತ್ತದೆ.

ಪ್ರತ್ಯಾಗಮನವು ಇಲ್ಲಿಯೂ ಉಂಟಷ್ಟೆ, ಊರಿಗಾದ ಉಪಕಾರವೇ ಸಿದ್ಧಿಯಷ್ಟೆ, ಆದುದರಿಂದ ಸೂತ್ರವು ಭಂಗವಾಗಲಿಲ್ಲವೆಂದು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವೇನೆಂದರೆ: ಹೋಗಿ ಬಂದುದೆಲ್ಲವನ್ನೂ ಯಾತ್ರೆಯೆಂದರೆ ಸೂತ್ರವು ಎಂದಿಗೂ ಭಂಗವಾಗದು, ಎಂದಿಗೂ ಭಂಗವಾಗದ ಸೂತ್ರದಿಂದ ಕಥೆಗಳಿಗೆ ತಮ್ಮತಮ್ಮೊಳಗಿರುವ ಭೇದವು ತಿಳಿಯದು. ವೀರವನ್ನು ದಾನ, ಧರ್ಮ, ಯುದ್ಧ, ದಯೆ ಎಂದು ನಾಲ್ಕಾಗಿ ವಿಭಾಗಿಸಿದ ಸಾಹಿತ್ಯದರ್ಪಣಕಾರನ ಮಾರ್ಗವು ಇದಕ್ಕಿಂತ ಸೂಕ್ಷ್ಮವಾದುದು. ಮಗನನ್ನು ಕಳುಹಿಸಿದ ಕುಂತಿಯಲ್ಲಿ ದಯಾವೀರ, ಅತಿಥಿಯನ್ನು ಬಲಿಗೊಡಲೊಲ್ಲದ ಬ್ರಾಹ್ಮಣನಲ್ಲಿ ಧರ್ಮವೀರ, ಭೀಮನಲ್ಲಿ ಯುದ್ಧವೀರ: ಮೂವರಿಗೂ ಅದರಲ್ಲಿ ಸ್ಥಾನವಿದೆ. ವೀರನೊಬ್ಬನ ಹೆಜ್ಜೆಯನ್ನೇ ಹಿಂಬಾಲಿಸುವ ವಿಮರ್ಶೆಯು ಮೊದಲಿಬ್ಬರನ್ನು ದಾರಿಯ ಬದಿಯಲ್ಲಿ ಬಿಟ್ಟುಬಿಡುತ್ತದೆ. ಕಪ್ಪವನ್ನು ಕೊಂಡೂ ಪ್ರಜೆಗಳನ್ನು ಕಾಯದ ರಾಜನ ಅಪರಾಧವನ್ನೂ ಮರೆಸುತ್ತದೆ.

ಕೈವಾರದ ಐತಿಹ್ಯವು ಇದನ್ನು ಮರೆತಿಲ್ಲ. ಬಕನ ದೇಹವನ್ನು ಭೀಮನು ಬೆಟ್ಟದ ಬಿರುಕಿನಲ್ಲಿ ತುರುಕಿದನೆಂದೂ, ಶಿವರಾತ್ರಿಯಂದು ಬಂಡೆಯಿಂದ ಒಸರುವ ದ್ರವವು ಬಕನ ರಕ್ತವೆಂದೂ ಅಲ್ಲಿಯವರು ಹೇಳುವರು. ಭೀಮಲಿಂಗೇಶ್ವರನ ಲಿಂಗವನ್ನು ಭೀಮನೇ ಪ್ರತಿಷ್ಠಿಸಿದನೆಂದು ನಂಬುವರು. ಜಯಸ್ತಂಭದ ಮಾತಿಲ್ಲ. ಹೆಸರನ್ನು ಬಚ್ಚಿಟ್ಟು ಹೋದವನಿಗೆ ಊರು ಕೊಟ್ಟ ಸ್ಮಾರಕವು ಅವನು ಕೈಮುಗಿದ ದೇವರ ಗುಡಿ. ಸತ್ತವನಿಗೆ ಉಳಿದುದು ಬಂಡೆಯ ಗಾಯ. ಕಾವ್ಯವು ಹೇಳದೆ ಬಿಟ್ಟ ಶೇಷವನ್ನು ಸ್ಥಳವು ಹೀಗೆ ತುಂಬಿಕೊಂಡಿದೆ.

ಆದುದರಿಂದ ಬಕವಧೆಯು ವೀರಯಾತ್ರೆಯ ಕಥೆಯಲ್ಲ, ಸರದಿಯ ಕಥೆ. ಮತ್ತೊಬ್ಬರ ವಾರವನ್ನು ತನ್ನದಾಗಿಸಿಕೊಳ್ಳುವುದು ಅದರ ವೀರ. ಮಾರನೆಯ ದಿನ ಯಾವ ಮನೆಯಿಂದಲೂ ಬಂಡಿ ಹೊರಡಬೇಕಾಗಿಲ್ಲದಿರುವುದು ಅದರ ಫಲ.